ಬೂದಿಗಿಂತ ಮೊದಲು ಬ್ಯಾಸಿಲಸ್

ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವಿಕೆ) ಮುಗಿಸಿದ ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಬೆಳೆಗಾರರು ಈಗ ಕೇಳುವುದು ಒಂದೇ ಪ್ರಶ್ನೆ: ಬ್ಯಾಸಿಲಸ್ ಸಬ್ಟಿಲಿಸ್ ಬ್ಯಾಕ್ಟೀರಿಯಾ ಹೊಡೆದರೆ ಡೌನಿ ರೋಗ ನಿಲ್ಲುತ್ತದೆಯೇ? ರೋಗ ಎಲೆಯೊಳಗೆ ಹೊಕ್ಕ ಮೇಲೆ ನಿಲ್ಲುವುದಿಲ್ಲ. ಡೌನಿಯ ಎಳೆಗಳು ಒಳಗೊಳಗೇ ಹರಡಿ, ಕೊನೆಗೆ ಎಲೆಯಡಿ ಬಿಳಿ ತುಪ್ಪಟವಾಗಿ ಹೊರಬರುತ್ತವೆ. ಮೇಲ್ಮೈಯಲ್ಲಿ ಕೂತ ಬ್ಯಾಕ್ಟೀರಿಯಾಕ್ಕೆ ಅವು ಸಿಗುವುದಿಲ್ಲ.

ಬೂದಿ ರೋಗದ ಮಾತು ಬೇರೆ. ಆ ಶಿಲೀಂಧ್ರ ಎಲೆಯ ಮೇಲೇ ಹಬ್ಬಿ, ಹೊರಪದರದ ಜೀವಕೋಶಗಳಿಗಷ್ಟೇ ಹೀರುಎಳೆ ಇಳಿಸುತ್ತದೆ. ಬ್ಯಾಸಿಲಸ್ ಸ್ರವಿಸುವ ಇಟುರಿನ್, ಫೆಂಜಿಸಿನ್ ಅದರ ಕೋಶಪೊರೆಯನ್ನೇ ಹಾಳುಮಾಡುತ್ತವೆ. ಆದರೆ ರೋಗಕ್ಕಿಂತ ಮೊದಲೇ ಬ್ಯಾಸಿಲಸ್ ಎಲೆಯ ಮೇಲೆ ನೆಲೆಯೂರಿರಬೇಕು. ಎಲೆಯನ್ನು ಬೆಳಕಿಗೆ ಓರೆ ಹಿಡಿದಾಗ ಹಿಟ್ಟು ಉದುರಿಸಿದಂಥ ಮಸುಕು ಕಂಡರೆ ಆಗಲೇ ತಡವಾಗಿದೆ.

ಎಲ್ಲವನ್ನೂ ಒಂದೇ ಡ್ರಮ್ಮಿಗೆ ಸುರಿಯಿರಿ ಎನ್ನುವ ಪಂಥದ ಜೊತೆ ನನ್ನ ಜಗಳ ಹಳೆಯದು. ಈ ವಾರವೂ ಬಿಡುವುದಿಲ್ಲ. ಬ್ಯಾಸಿಲಸ್ ಗಟ್ಟಿ ಕವಚದ ಬೀಜಕ ಕಟ್ಟುತ್ತದೆ, ಒಂದಿಷ್ಟು ತಾಳಿಕೊಳ್ಳುತ್ತದೆ. ರೋಗ ತಡೆಗೆ ಬಳಸುವ ಇನ್ನೊಂದು ಬ್ಯಾಕ್ಟೀರಿಯಾ ಸ್ಯೂಡೊಮೊನಾಸ್ ಫ್ಲೋರೆಸೆನ್ಸ್ ಬೀಜಕ ಕಟ್ಟುವುದೇ ಇಲ್ಲ. ಬೋರ್ಡೋ ದ್ರಾವಣದ ತಾಮ್ರದೊಂದಿಗೆ ಅದನ್ನು ಕಲಸಿದರೆ ದುಡ್ಡು ಕೊಟ್ಟು ತಂದ ಜೀವವನ್ನು ನಾವೇ ಡ್ರಮ್ಮಿನಲ್ಲಿ ಕೊಲ್ಲುತ್ತೇವೆ. ಬಿಸಿಲಿಗಿಟ್ಟ ಪಾಕೀಟು ಕೊಳ್ಳಬಾರದು, ಸಂಜೆಯೇ ಸಿಂಪಡಿಸಬೇಕು ಎಂಬುದೆಲ್ಲ ಖಾಯಂ ಓದುಗರಿಗೆ ಗೊತ್ತಿರುವುದೇ.

ಲೀಟರಿಗೆ ಎಷ್ಟು ಗ್ರಾಂ ಎಂದು ಬರೆಯಲು ಕೂತಿದ್ದೆ. ಅದನ್ನು ಮುಂದಿನ ವಾರಕ್ಕಿಡುತ್ತೇನೆ, ಏಕೆಂದರೆ ಅದಕ್ಕಿಂತ ದೊಡ್ಡ ಸಂಗತಿಯೊಂದಿದೆ. ಪುಣೆಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದವರು ದ್ರಾಕ್ಷಿ ಬಳ್ಳಿಯಿಂದಲೇ ಬೇರ್ಪಡಿಸಿದ ಕೆಲವು ಬ್ಯಾಸಿಲಸ್ ತಳಿಗಳು ಪ್ರೊಫೆನೋಫಾಸ್ ಕೀಟನಾಶಕವನ್ನು ಒಡೆದುಹಾಕುತ್ತವೆ ಎಂದು 2013ರಲ್ಲಿ ಪ್ರಕಟಿಸಿದರು. ರೋಗ ತಡೆಯಬಲ್ಲ ಜಾತಿಯ ಜೀವಿಯೇ ವಿಷದ ಉಳಿಕೆಯನ್ನೂ ಇಳಿಸುತ್ತದೆ! 2010ರಲ್ಲಿ ಬೆಳವಣಿಗೆ ನಿಯಂತ್ರಕ ಕ್ಲೋರ್‌ಮೆಕ್ವಾಟ್‌ನ ಉಳಿಕೆಯಿಂದಾಗಿ ಯೂರೋಪಿನಲ್ಲಿ ನಮ್ಮ ದ್ರಾಕ್ಷಿ ತಿರಸ್ಕಾರವಾದಾಗ ಬೆಳೆಗಾರರು ಪಟ್ಟ ಪಾಡು ನೆನೆದರೆ, ಈ ದಿಕ್ಕಿನ ಸಂಶೋಧನೆಗೆ ಎಷ್ಟು ಬೆಲೆ ಕೊಟ್ಟರೂ ಕಡಿಮೆಯೇ. ಕ್ಲೋರ್‌ಮೆಕ್ವಾಟ್ ಬೇರೆಯೇ ರಾಸಾಯನಿಕ. ಈ ತಳಿಗಳು ಅದನ್ನೂ ಕರಗಿಸುತ್ತವೆ ಎಂದು ಯಾರೂ ತಿಳಿಯಬಾರದು.

ಪ್ರೊಫೆನೋಫಾಸ್ ಒಡೆಯುವ ಕೆಲಸವನ್ನೂ ಎಲ್ಲ ಬ್ಯಾಸಿಲಸ್ ಮಾಡುವುದಿಲ್ಲ. ಪುಣೆಯವರ ಪಟ್ಟಿಯಲ್ಲಿ ಡಿಆರ್-39, ಟಿಎಸ್-204 ಎಂದು ತಳಿಗೊಂದು ಗುರುತಿದೆ. ಅಂಗಡಿಯ ಪಾಕೀಟಿನ ಮೇಲೆ ಬರೀ ‘ಬ್ಯಾಸಿಲಸ್ ಸಬ್ಟಿಲಿಸ್’ ಎಂದಿದ್ದರೆ ಸಾಲದು, ಯಾವ ತಳಿ ಎಂದು ಕೇಳಿ. ಹೇಳದಿದ್ದರೆ ಕೊಳ್ಳಬೇಡಿ.