ಮಂಡಿಗೆ ಪುತ್ತೂರು ಕಟ್ಟು ಸಲ್ಲದು

ಕೋಲಾರ-ಮುಳಬಾಗಿಲು ಹೆದ್ದಾರಿಯ ದೇವರಾಯಸಮುದ್ರದಲ್ಲಿ ನಿಂತರೆ, ಕೈಕಾಲು ಮುರಿದವರಿಗೆ ಎರಡು ದಾರಿ. ಪಡುವಣಕ್ಕೆ ಹೋದರೆ ಟಮಕದ ದೇವರಾಜ ಅರಸು ಮೆಡಿಕಲ್ ಕಾಲೇಜಿನ ಆಸ್ಪತ್ರೆ. ಮೂಡಣಕ್ಕೆ ಹೊರಟರೆ ಪಲಮನೇರು, ಚಿತ್ತೂರು ದಾಟಿ ಪುತ್ತೂರು. ಪುತ್ತೂರು ಎಂದರೆ ಕಟ್ಟು. ಸೊಪ್ಪಿನ ಲೇಪ, ಮೊಟ್ಟೆಯ ಬಿಳಿ, ಬಿದಿರಿನ ದಬ್ಬೆ, ಬಟ್ಟೆ. ಇಷ್ಟರಲ್ಲೇ ಮುಗಿಯುವ ಈ ಚಿಕಿತ್ಸೆಯ ಮೇಲೆ ಗಡಿಯ ಈಚೆಗೂ ಆಚೆಗೂ ಜನಕ್ಕೆ ಭಾರೀ ನಂಬಿಕೆ. ಅದು ಪೂರ್ತಿ ಪೊಳ್ಳೇನೂ ಅಲ್ಲ. ಮುರಿದ ಮೂಳೆಯ ತುಂಡುಗಳು ನೆಟ್ಟಗೆ ಕೂತು ಅಲುಗದೆ ಇದ್ದರೆ ತಾವಾಗಿಯೇ ಕೂಡಿಕೊಳ್ಳುತ್ತವೆ. ಆಸ್ಪತ್ರೆಯ ಪ್ಲಾಸ್ಟರ್ ಮಾಡುವುದೂ ಇದೇ ಕೆಲಸ. ನನ್ನ ತಕರಾರಿರುವುದು ಅದೇ ಕಟ್ಟನ್ನು ಉಳುಕಿದ ಮಂಡಿಗೂ ಬಿಗಿಯುವ ರೂಢಿಯ ಬಗ್ಗೆ.

ಸೊಂಟದ ಕೀಲಿನಲ್ಲಿ ಮೂಳೆಯ ಗುಂಡು ಬಟ್ಟಲೊಳಗೆ ಕೂತಿದೆ. ಮಂಡಿಗೆ ಆ ಭಾಗ್ಯವಿಲ್ಲ. ತೊಡೆಮೂಳೆಯ ತುದಿಯ ಎರಡು ಉರುಟುಗಳು ಕೆಳಗಿನ ಮೂಳೆಯ ಹೆಚ್ಚುಕಡಿಮೆ ಚಪ್ಪಟೆ ನೆತ್ತಿಯ ಮೇಲೆ ನಿಂತಿವೆ, ತಟ್ಟೆಯಲ್ಲಿ ಎರಡು ಮುದ್ದೆ ಇಟ್ಟ ಹಾಗೆ. ತಟ್ಟೆ ವಾಲಿದರೆ ಮುದ್ದೆ ಜಾರಬೇಕಲ್ಲ? ಜಾರದಂತೆ ಮೊದಲು ಹಿಡಿಯುವುದು ಸಿಂಬೆ. ಬಿಂದಿಗೆಯ ಕೆಳಗಿಡುವ ಬಟ್ಟೆಯ ಸಿಂಬೆಯಂತೆ ಅಂಚಿನಲ್ಲಿ ದಪ್ಪಗೆ, ನಡುವೆ ತೆಳ್ಳಗೆ ಇರುವ ಎರಡು ಅರ್ಧಚಂದ್ರಗಳು. ಡಾಕ್ಟರು ಮಿನಿಸ್ಕಸ್ ಎನ್ನುತ್ತಾರೆ. ಆಮೇಲೆ ನಾಲ್ಕು ಹುರಿಗಳು, ಅಂದರೆ ಲಿಗಮೆಂಟು. ಎರಡು ಪಕ್ಕಗಳಲ್ಲಿ, ಎರಡು ಕೀಲಿನೊಳಗೆ ಕತ್ತರಿ ಹಾಕಿಕೊಂಡು. ಒಳಗಿನವುಗಳಲ್ಲಿ ಮುಂದಿನದು ಎಸಿಎಲ್. ಉದ್ದ ಸುಮಾರು 3 ಸೆಂ.ಮೀ., ಕಿರುಬೆರಳಿಗಿಂತ ಚಿಕ್ಕದು. ಹರೆಯದಲ್ಲಿ ಅದು 200 ಕಿಲೋ ಭಾರದಷ್ಟು ಎಳೆತವನ್ನು ತಾಳಬಲ್ಲದು. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ತಿರುಚಿಕೊಳ್ಳದಂತೆ ಕಾಯುವುದು ಅದರ ಪಾಲಿನ ಕೆಲಸ. ಇವುಗಳ ಸುತ್ತ ತೊಡೆಯ ಸ್ನಾಯುಗಳ ಕಾವಲು. ಹಿಂತೊಡೆಯ ಸ್ನಾಯು ಮೂಳೆಯನ್ನು ಹಿಂದಕ್ಕೆ ಜಗ್ಗಿ ಎಸಿಎಲ್‌ಗೆ ಕೈಜೋಡಿಸುತ್ತದೆ. ಮುಂದೊಡೆಯದು ಕಾಲು ನೆಟ್ಟಗಾಗುವ ಹೊತ್ತಿನಲ್ಲಿ ಮುಂದಕ್ಕೆ ಎಳೆಯುತ್ತದೆ. ಆಟದ ಹುಡುಗರಿಗೆ ಬರೀ ಬಸ್ಕಿ ಹೊಡೆಸುವ ಕೋಚ್‌ಗಳು ಬಲ ಕೊಡುವುದು ಹೆಚ್ಚಾಗಿ ಮುಂದೊಡೆಗೆ.

ಹೊನಲು ಬೆಳಕಿನ ಕಬಡ್ಡಿ ಪಂದ್ಯ ನೋಡಿದವರಿಗೆ ಮುಂದಿನದನ್ನು ಬಿಡಿಸಿ ಹೇಳಬೇಕಿಲ್ಲ. ರೈಡರ್ ಕೈಯಲ್ಲಿರುವುದು 30 ಸೆಕೆಂಡು. ಬೋನಸ್ ಗೆರೆ ಮುಟ್ಟಿ ಗಕ್ಕನೆ ತಿರುಗುತ್ತಾನೆ. ಮೂಲೆಯಲ್ಲಿದ್ದವನು ಹಾರಿ ಪಾದ ಹಿಡಿಯುತ್ತಾನೆ. ಪಾದ ಅಲ್ಲೇ ಉಳಿದು ಮೈ ನಡುಗೆರೆಯತ್ತ ಹೊರಳಿದಾಗ ಆ ತಿರುಚು ಬಂದು ಬೀಳುವುದು ನಡುವೆ ಇರುವ ಮಂಡಿಗೆ. ಯಾರೂ ಹಿಡಿಯದಿದ್ದರೂ ಇದು ಆಗಬಹುದು: ಕಾಲು ಊರಿ, ಮಂಡಿ ಒಳಕ್ಕೆ ವಾಲಿ, ದಿಕ್ಕು ಬದಲಿಸಿದರೆ ಸಾಕು. ಬೂಟು ಮ್ಯಾಟನ್ನು ಕಚ್ಚಿ ಹಿಡಿದರೆ ಇನ್ನೂ ಸುಲಭ. ಒಳಗೆ 'ಟಪ್' ಎನ್ನುತ್ತದೆ. ಕೆಲವೇ ಗಂಟೆಗಳಲ್ಲಿ ರಕ್ತ ತುಂಬಿ ಮಂಡಿ ಊದಿಕೊಳ್ಳುತ್ತದೆ. 2014ರಿಂದ ಪ್ರೊ ಕಬಡ್ಡಿಯಲ್ಲಿ ಟಿವಿಯವರು ಈ ಪಟ್ಟುಗಳನ್ನು ನಿಧಾನಗತಿಯಲ್ಲಿ ಮತ್ತೆ ಮತ್ತೆ ತೋರಿಸುತ್ತಾರೆ, ಹುಡುಗರು ಪಟ್ಟು ಕಲಿಯುತ್ತಾರೆ. ಜಿಗಿದು ಇಳಿಯುವಾಗ ಮಂಡಿಯನ್ನು ಪಾದದ ನೇರಕ್ಕೆ ಇಟ್ಟುಕೊಳ್ಳುವುದನ್ನು ಯಾರೂ ತೋರಿಸುವುದಿಲ್ಲ. ಆಟಕ್ಕೆ ಮುಂಚಿನ ಹದಿನೈದಿಪ್ಪತ್ತು ನಿಮಿಷದ ಅಂಥ ಅಭ್ಯಾಸದಿಂದ ಎಸಿಎಲ್ ಗಾಯಗಳು ಅರ್ಧದಷ್ಟು ಇಳಿಯುತ್ತವೆ ಎಂಬುದು ಬೇರೆ ಆಟಗಳಲ್ಲಿ ಕಂಡುಕೊಂಡ ಮಾತು.

ಈಗ ಕಟ್ಟಿನ ವಿಷಯ. ಮೂಳೆ ಕೂಡಲು ಮೊದಲು ರಕ್ತ ಹೆಪ್ಪುಗಟ್ಟಬೇಕು. ಎಸಿಎಲ್ ಇರುವುದು ಕೀಲಿನ ದ್ರವದ ನಡುವೆ. ಅಲ್ಲಿ ಹೆಪ್ಪು ನಿಲ್ಲದು, ಹರಿದ ತುದಿಗಳು ಸಾಮಾನ್ಯವಾಗಿ ಕೂಡವು. ಮೇಲಿನಿಂದ ಎಷ್ಟು ಬಿಗಿದರೂ, ಎಷ್ಟು ಎಣ್ಣೆ ನೀವಿದರೂ ಅಷ್ಟೇ. ಸಾಲದ್ದಕ್ಕೆ, ವಾರಗಟ್ಟಲೆ ಕಟ್ಟಿಟ್ಟ ಕಾಲಿನ ತೊಡೆ ಸೊರಗುತ್ತದೆ. ಉಳಿದಿದ್ದ ಕಾವಲೂ ಹೋಯಿತು. (ಪಕ್ಕದ ಹುರಿ ಹರಿದಿದ್ದರೆ ಮಾತು ಬೇರೆ. ಅದು ಬಹುಮಟ್ಟಿಗೆ ತಾನೇ ಮಾಯುತ್ತದೆ. ಕಟ್ಟಿಗೆ ಒಳ್ಳೆಯ ಹೆಸರು ಬಂದದ್ದು ಇಂಥ ಮಂಡಿಗಳಿಂದಲೂ ಇರಬೇಕು.) ಮೋಸ ಇರುವುದು ನೋವಿನಲ್ಲಿ. ತಿಂಗಳೊಪ್ಪತ್ತಿನಲ್ಲಿ ಊತ ಇಳಿದು ನೋವು ಹೋಗುತ್ತದೆ. ನೇರ ನಡೆದರೆ ಏನೂ ಗೊತ್ತಾಗದು. "ವಾಸಿಯಾಯ್ತು" ಎಂದು ಹುಡುಗ ಅಂಕಣಕ್ಕೆ ಇಳಿಯುತ್ತಾನೆ, ಮೊದಲ ತಿರುವಿಗೇ ಮಂಡಿ ಕೈಕೊಡುತ್ತದೆ. ಹಾಗೆ ಜಾರಿದಾಗಲೆಲ್ಲ ಸಿಂಬೆ ಅರೆದುಹೋಗುತ್ತದೆ.

ಬೇಗನೆ ವಾಸಿಯಾಯ್ತು ಎಂದುಕೊಳ್ಳುವ ಇದೇ ತಪ್ಪನ್ನು ಆಸ್ಪತ್ರೆ ದಾರಿ ಹಿಡಿದವರೂ ಮಾಡುವುದುಂಟು. ಆಪರೇಷನ್ ಮಾಡಿಸಿ ಹರಿದ ಎಸಿಎಲ್ ಜಾಗಕ್ಕೆ ಹೊಸ ಹುರಿ ಕೂರಿಸಿಕೊಂಡು, ಹೊಲಿಗೆ ಬಿಚ್ಚಿದ ಕೂಡಲೇ ಫಿಸಿಯೋಥೆರಪಿಗೆ ಚಕ್ಕರ್. ಆ ಹುರಿ ಗಟ್ಟಿಯಾಗಿ ತೊಡೆಗೆ ಬಲ ಮರಳಲು ಕನಿಷ್ಠ 9 ತಿಂಗಳು ಬೇಕು. ಆಟ ಬಿಟ್ಟು ಹೊಲಮನೆ ನೋಡಿಕೊಂಡಿರುವ ಎಷ್ಟೋ ಜನಕ್ಕೆ ಆಪರೇಷನ್ನೇ ಬೇಡ, ಸರಿಯಾದ ವ್ಯಾಯಾಮವೇ ಸಾಕಾಗುತ್ತದೆ. ಯಾರಿಗೆ ಯಾವುದು ಎಂದು ತಿಳಿಯುವ ಮೊದಲ ಪರೀಕ್ಷೆಗೆ ಎಂಆರ್‌ಐ ಕೂಡ ಬೇಕಿಲ್ಲ: ಮಂಡಿಯನ್ನು ತುಸು ಮಡಚಿ, ಒಂದು ಕೈಯಲ್ಲಿ ತೊಡೆ ಹಿಡಿದು, ಇನ್ನೊಂದರಲ್ಲಿ ಮೊಣಕಾಲ ಕೆಳಗೆ ಹಿಡಿದು ಮುಂದಕ್ಕೆ ಎಳೆದರೆ, ಹುರಿ ಇದ್ದ ಮಂಡಿ ಟಕ್ಕನೆ ತಡೆಯುತ್ತದೆ, ಹರಿದದ್ದು ಮೆತ್ತಗೆ ಮುಂದೆ ಬರುತ್ತದೆ. ಅದಕ್ಕೆ ಪಳಗಿದ ಕೈ ಬೇಕು. ಆಟದಲ್ಲಿ ಉಳುಕಿದ ಮಂಡಿ ಆ ರಾತ್ರಿಯೇ ಊದಿಕೊಂಡರೆ, ಪುತ್ತೂರಿನ ಬಸ್ಸು ಹತ್ತುವ ಮುಂಚೆ ಮೂಳೆ ಡಾಕ್ಟರ ಹತ್ತಿರ ಈ ಒಂದು ಪರೀಕ್ಷೆ ಮಾಡಿಸಿಕೊಳ್ಳಿ.