ಕಲಿಸಿದ ಉತ್ತರ, ಕೇಳದ ಪ್ರಶ್ನೆ



ಭದ್ರಾವತಿಯ ಪೇಪರ್ ಟೌನ್‌ನಲ್ಲಿ ನನಗೆ ಬಹುಕಾಲದಿಂದ ಪರಿಚಯವಿರುವ ಕುಟುಂಬವೊಂದಿದೆ. ಮನೆಯ ಯಜಮಾನರು ಮೈಸೂರು ಕಾಗದ ಕಾರ್ಖಾನೆಯಲ್ಲಿ ದುಡಿದವರು. 2015ರಲ್ಲಿ ಅಲ್ಲಿನ ಉತ್ಪಾದನೆ ನಿಂತ ಮೇಲೆ ಶಿವಮೊಗ್ಗದ ಅಂಗಡಿಯೊಂದರ ಲೆಕ್ಕಪತ್ರ ನೋಡಿಕೊಳ್ಳುತ್ತ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಾರೆ. ಹಿರಿಯ ಮಗಳು ನೃತ್ಯ ಕಲಿತವಳು. ಪದವಿ ಮುಗಿಸಿದ ಈಕೆ ತಂಡವೊಂದನ್ನು ಸೇರಿ ಬಿ.ಎಚ್. ರಸ್ತೆಯ ಮಳಿಗೆಗಳ ಉದ್ಘಾಟನೆ, ಮದುವೆಯ ಹಿಂದಿನ ಸಂಜೆಯ ಕಾರ್ಯಕ್ರಮ, ಊರಹಬ್ಬದ ವೇದಿಕೆ ಎಂದು ಕುಣಿದು ಮನೆಖರ್ಚಿಗೂ ನೆರವಾಗುತ್ತಾಳೆ. ಮುಂದೆ ಬೆಂಗಳೂರಿನ ಕ್ರಿಕೆಟ್ ಮೈದಾನದಲ್ಲಿ ಕುಣಿಯುವ ಚಿಯರ್‌ಲೀಡರ್ ತಂಡಕ್ಕೆ ಸೇರಬೇಕೆಂಬುದು ಆಕೆಯ ಆಸೆ.

ಒಂದು ಮಳೆಯ ಸಂಜೆ ಆ ಮನೆಗೆ ಹೋಗಿದ್ದಾಗ ಆಕೆ ನಮಗೆಲ್ಲ 'ಅಮೆರಿಕಾಸ್ ಸ್ವೀಟ್‌ಹಾರ್ಟ್ಸ್' ಎಂಬ ಸಾಕ್ಷ್ಯಚಿತ್ರ ಸರಣಿಯ ಕೆಲವು ಕಂತುಗಳನ್ನು ತೋರಿಸಿದಳು. ಅಮೆರಿಕದ ಡಲ್ಲಾಸ್ ಕೌಬಾಯ್ಸ್ ಫುಟ್‌ಬಾಲ್ ತಂಡದ ಚಿಯರ್‌ಲೀಡರ್‌ಗಳನ್ನು ಕುರಿತ ಈ ಸರಣಿಯನ್ನು ಗ್ರೆಗ್ ವೈಟ್ಲಿ ನಿರ್ದೇಶಿಸಿದ್ದಾರೆ. ಮೊದಲ ಭಾಗ 2024ರ ಜೂನ್‌ನಲ್ಲಿ, ಎರಡನೆಯದು 2025ರ ಜೂನ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದಿತು. ಕುಣಿತವನ್ನು ಮೆಚ್ಚಿ ನೋಡುತ್ತಿದ್ದ ಹುಡುಗಿ ನಡುವೆ ತಟ್ಟನೆ ಕೇಳಿದಳು: "ಫಾದರ್, ಇವರೆಲ್ಲ ಬೇರೆ ಬೇರೆ ಊರಿನವರು. ಉತ್ತರ ಮಾತ್ರ ಒಂದೇ ಯಾಕೆ?"

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಈ ಬರಹಕ್ಕೆ ಅದೇ ಕಾರಣ.

ವೃತ್ತಿಪರ ಚಿಯರ್‌ಲೀಡರ್‌ಗೆ ಕುಣಿಯುವುದೊಂದೇ ಕೆಲಸವಲ್ಲ. ಆಸ್ಪತ್ರೆಯ ಮಕ್ಕಳ ಭೇಟಿ, ಪ್ರಾಯೋಜಕರ ಔತಣ, ಶಾಲೆಯ ಸಮಾರಂಭ, ದೂರದರ್ಶನದ ಕ್ಯಾಮೆರಾ, ಇವೆಲ್ಲವೂ ಆಕೆಯ ಪಾಲಿಗೆ ಬರುತ್ತವೆ. ಆದ್ದರಿಂದ ಅಮೆರಿಕದ ತಂಡಗಳ ಆಯ್ಕೆಯಲ್ಲಿ ನೃತ್ಯದ ಜೊತೆಗೆ ಸಂದರ್ಶನಕ್ಕೂ ಸ್ಥಾನವಿದೆ. ಆಯ್ಕೆಯಾದವರಿಗೆ ಮಾಧ್ಯಮದವರನ್ನು ಎದುರಿಸುವ ತರಬೇತಿ ಕೊಡುವುದುಂಟು. ರಾಜಕಾರಣಿಗಳಿಗೂ ಕಂಪನಿಗಳ ಅಧಿಕಾರಿಗಳಿಗೂ ಕೊಡುವ ತರಬೇತಿಯ ಚಿಕ್ಕ ರೂಪವೇ ಇದು. ಕ್ಯಾಮೆರಾದ ಮುಂದೆ ಕೂರಿಸಿ ಅಣಕು ಸಂದರ್ಶನ ಮಾಡುತ್ತಾರೆ, ಅದನ್ನು ಮತ್ತೆ ಹಾಕಿ ತೋರಿಸುತ್ತಾರೆ. ಹೇಳಬೇಕಾದ ಎರಡು ಮೂರು ಸಂದೇಶಗಳನ್ನು ಮೊದಲೇ ಮನನ ಮಾಡಿಸುತ್ತಾರೆ. ಉತ್ತರ ಚುಟುಕಾಗಿರಬೇಕು, ಪ್ರಶ್ನೆಯಲ್ಲಿರುವ ಕೆಟ್ಟ ಪದವನ್ನು ಉತ್ತರದಲ್ಲಿ ಪುನರುಚ್ಚರಿಸಬಾರದು, ನಗು ಮಾಸಬಾರದು.

ಇವುಗಳಲ್ಲಿ ಬಹು ಮುಖ್ಯವಾದ ವಿದ್ಯೆಗೆ ಅವರು 'ಸೇತುವೆ' ಎಂದೇ ಹೆಸರಿಟ್ಟಿದ್ದಾರೆ. ಇಷ್ಟವಿಲ್ಲದ ಪ್ರಶ್ನೆ ಬಂದಾಗ ಅದನ್ನು ಅರ್ಧ ವಾಕ್ಯದಲ್ಲಿ ಗೌರವಿಸಿ, 'ಆದರೆ ನಿಜವಾಗಿ ಮುಖ್ಯವಾದದ್ದೆಂದರೆ' ಎಂದು ದಾಟಿ, ಕಲಿತ ಸಂದೇಶಕ್ಕೆ ಬಂದುಬಿಡುವುದು. "ನಿಮಗೆ ಸಂಬಳ ಎಷ್ಟು?" ಎಂದು ಕೇಳಿದರೆ, "ಅದು ಒಳ್ಳೆಯ ಪ್ರಶ್ನೆ, ಆದರೆ ನಮ್ಮನ್ನು ಇಲ್ಲಿಗೆ ತಂದದ್ದು ನೃತ್ಯದ ಮೇಲಿನ ಪ್ರೀತಿ" ಎನ್ನುವುದು. ಭದ್ರಾ ನದಿಯ ಸೇತುವೆ ಜನರನ್ನು ಆಚೆ ದಡಕ್ಕೆ ಮುಟ್ಟಿಸುತ್ತದೆ. ಈ ಸೇತುವೆ ಹತ್ತಿದ ಪ್ರಶ್ನೆ ಮಾತ್ರ ಎಲ್ಲಿಗೂ ಮುಟ್ಟುವುದಿಲ್ಲ.

ಹಾಗೆಂದು ಈ ತರಬೇತಿಯನ್ನು ಸಾರಾಸಗಟಾಗಿ ತಳ್ಳಿಹಾಕುವವನು ನಾನಲ್ಲ. ಇಪ್ಪತ್ತು ವರ್ಷದ ಯುವತಿಯೊಬ್ಬಳ ಮುಂದೆ ಹತ್ತು ಮೈಕುಗಳನ್ನು ಹಿಡಿದು, ಆಕೆಯ ಉಡುಪಿನ ಉದ್ದದ ಬಗ್ಗೆ ಕೇಳುವ ವರದಿಗಾರರಿದ್ದಾರೆ. 'ಈ ಪ್ರಶ್ನೆಗೆ ನಾನು ಉತ್ತರಿಸಬೇಕಾಗಿಲ್ಲ' ಎಂಬ ಅರಿವು ಆಕೆಗೆ ಒಂದು ಕವಚ. ಗುರುಮಠದಲ್ಲಿ ನಮಗೂ ಪ್ರಬೋಧನೆಯ ತರಗತಿಯಿತ್ತು. ಟೇಪ್ ರೆಕಾರ್ಡರ್ ಮುಂದೆ ನಿಂತು ಏಳು ನಿಮಿಷ ಮಾತನಾಡಬೇಕು. ನಮ್ಮ ಧ್ವನಿಯನ್ನು ನಾವೇ ಕೇಳಿ ನಾಚಬೇಕು. ಸಹಪಾಠಿಗಳು ದಯೆಯಿಲ್ಲದೆ ತಪ್ಪು ಹೇಳಬೇಕು. ನನ್ನ ನಾಲಗೆಗೆ ಅಷ್ಟಿಷ್ಟು ಶಿಸ್ತು ಬಂದಿದ್ದರೆ ಅದು ಅಲ್ಲಿಂದಲೇ. ಆದ್ದರಿಂದ ಮಾತನ್ನು ಕಲಿಸುವುದು ತಪ್ಪೆಂದು ನಾನು ಹೇಗೆ ಹೇಳಲಿ? ಕಲಿತ ಮಾತು ಯಾರ ಕೆಲಸಕ್ಕೆ ಬರುತ್ತದೆ ಎಂಬುದೇ ನನ್ನ ಕಳವಳ.

ಬಫಲೋ ನಗರದ ಫುಟ್‌ಬಾಲ್ ತಂಡಕ್ಕೆ ಕುಣಿಯುತ್ತಿದ್ದ 'ಬಫಲೋ ಜಿಲ್ಸ್' ತಂಡದ ಐವರು 2014ರಲ್ಲಿ ನ್ಯಾಯಾಲಯಕ್ಕೆ ಹೋದರು. ಅವರಿಗೆ ಕೊಟ್ಟಿದ್ದ ನಿಯಮ ಪುಸ್ತಿಕೆ ಆಗ ಹೊರಬಿತ್ತು. ಔತಣದಲ್ಲಿ ಬ್ರೆಡ್ಡನ್ನು ಎಷ್ಟು ತಿನ್ನಬೇಕು ಎಂಬಲ್ಲಿಂದ ಮೈಯ ಶುಚಿತ್ವದವರೆಗೆ ಅದರಲ್ಲಿ ಆಜ್ಞೆಗಳಿದ್ದವು. ಮಾತಿನ ವಿಷಯದಲ್ಲಿ ಅದು ಹೇಳಿದ್ದರ ಸಾರ ಇಷ್ಟೇ: ಯಾವುದರ ಬಗ್ಗೆಯೂ ಗಟ್ಟಿಯಾದ ಅಭಿಪ್ರಾಯ ಬೇಡ, ದೂರು ಹೇಳುವುದಂತೂ ಬೇಡವೇ ಬೇಡ. ಅವರು ನ್ಯಾಯಾಲಯದಲ್ಲಿ ಕೇಳಿದ್ದಾದರೂ ಏನು? ದುಡಿದ ಗಂಟೆಗಳಿಗೆ ಕನಿಷ್ಠ ಕೂಲಿ. ಮಾತಿನ ಪಾಠಕ್ಕೂ ಕೂಲಿಯ ಲೆಕ್ಕಕ್ಕೂ ಎಷ್ಟು ಹತ್ತಿರದ ನಂಟು ನೋಡಿ!

ಇದೆಲ್ಲ ದೂರದ ಅಮೆರಿಕದ ಕಥೆ, ನಮಗೇನು ಎನ್ನಬೇಡಿ. 2008ರ ಏಪ್ರಿಲ್ 18ರಂದು ಬೆಂಗಳೂರಿನ ಚಿನ್ನಸ್ವಾಮಿ ಮೈದಾನದಲ್ಲಿ ಐಪಿಎಲ್‌ನ ಮೊತ್ತಮೊದಲ ಪಂದ್ಯ ನಡೆಯಿತು. ಬ್ರೆಂಡನ್ ಮೆಕಲಂ ಔಟಾಗದೆ 158 ಓಟ ಹೊಡೆದದ್ದು, ನಮ್ಮ ತಂಡ 82ಕ್ಕೆ ಕುಸಿದದ್ದು ಎಲ್ಲರಿಗೂ ನೆನಪಿದೆ. ಅಂದು ಗಡಿಗೆರೆಯಾಚೆ ಕುಣಿದವರು ವಾಷಿಂಗ್ಟನ್ ರೆಡ್‌ಸ್ಕಿನ್ಸ್ ಫುಟ್‌ಬಾಲ್ ತಂಡದ ಚಿಯರ್‌ಲೀಡರ್‌ಗಳು. ಮುಂದಿನ ಕೆಲವು ವಾರ ದೇಶದ ಪತ್ರಿಕೆಗಳೂ ಶಾಸಕರೂ ಇವರ ವಿಷಯವನ್ನೇ ಮಾತನಾಡಿದರು. ಮಹಾರಾಷ್ಟ್ರದಲ್ಲಿ ಸಚಿವರೇ ಅಶ್ಲೀಲವೆಂದು ಆಕ್ಷೇಪಿಸಿದರು.

ಓದುಗರೇ, ಒಂದು ತಪ್ಪೊಪ್ಪಿಗೆ. ಆ ವರ್ಷ ಯುವಜನರ ಕೂಟವೊಂದರಲ್ಲಿ ನಾನೂ ಈ ಕುಣಿತದ ಬಗ್ಗೆ ಸುಮಾರು ಅರ್ಧ ಗಂಟೆ ಮಾತನಾಡಿದ್ದೆ. ಉಡುಪು, ಸಂಸ್ಕೃತಿ, ಹಣದ ಅಮಲು ಎಲ್ಲವೂ ಆ ಭಾಷಣದಲ್ಲಿದ್ದವು. ಚಪ್ಪಾಳೆಯೂ ಬಂತು. ಆ ಯುವತಿಯರಿಗೆ ಎಷ್ಟು ಸಂಬಳ, ರಾತ್ರಿ ಯಾರು ಅವರನ್ನು ಸುರಕ್ಷಿತವಾಗಿ ತಲುಪಿಸುತ್ತಾರೆ, ಪ್ರೇಕ್ಷಕರು ಎಸೆಯುವ ಮಾತುಗಳನ್ನು ಅವರು ಹೇಗೆ ತಾಳಿಕೊಳ್ಳುತ್ತಾರೆ ಎಂಬುದರ ಬಗ್ಗೆ ಒಂದು ವಾಕ್ಯವೂ ಇರಲಿಲ್ಲ. ಅವರನ್ನು ನೋಡಿದ್ದೆ. ಅವರೂ ಮಾತನಾಡಬಲ್ಲರು ಎಂಬುದು ನನಗೆ ಹೊಳೆದೇ ಇರಲಿಲ್ಲ.

ಅದೇ 2008ರಲ್ಲಿ ಇಬ್ಬರು ಕಪ್ಪುವರ್ಣದ ಬ್ರಿಟಿಷ್ ಯುವತಿಯರು, ತಮ್ಮ ಮೈಬಣ್ಣದ ಕಾರಣಕ್ಕೆ ಮೊಹಾಲಿಯ ಮೈದಾನಕ್ಕೆ ಇಳಿಯಲು ಬಿಡಲಿಲ್ಲವೆಂದು ಪತ್ರಿಕೆಗಳಿಗೆ ಹೇಳಿದರು. ಸಂಘಟಕರು ಅಲ್ಲಗಳೆದರು. ನಾನು ಅದನ್ನು ಓದಿದ್ದೆನಾದರೂ ಮುಂದಿನ ಭಾಷಣಕ್ಕೆ ಸೇರಿಸಿಕೊಳ್ಳಲಿಲ್ಲ. 2011ರಲ್ಲಿ ಮುಂಬೈ ತಂಡಕ್ಕೆ ಕುಣಿಯುತ್ತಿದ್ದ ದಕ್ಷಿಣ ಆಫ್ರಿಕದ ಯುವತಿಯೊಬ್ಬಳು ಪಂದ್ಯದ ನಂತರದ ಪಾರ್ಟಿಗಳ ಬಗ್ಗೆ ಹೆಸರಿಲ್ಲದೆ ಅಂತರಜಾಲದಲ್ಲಿ ಬರೆದಳು. ಬರೆದವಳು ಯಾರೆಂದು ತಿಳಿದೊಡನೆ ಆಕೆಯನ್ನು ಊರಿಗೆ ಕಳುಹಿಸಲಾಯಿತು. ಆಟಗಾರರ ಹೆಸರು ಕೆಡಿಸಿದಳೆಂಬ ಗದ್ದಲ ಎದ್ದಿತೇ ವಿನಾ, ಬರೆದದ್ದು ನಿಜವೇ ಎಂದು ವಿಚಾರಿಸುವ ಆತುರ ಯಾರಲ್ಲೂ ಕಾಣಲಿಲ್ಲ.

ಬೆಂಗಳೂರಿಗೆ ಬಂದಿದ್ದ ವಾಷಿಂಗ್ಟನ್ ತಂಡದ ಕಥೆಗೆ ಇನ್ನೂ ಒಂದು ಅಧ್ಯಾಯವಿದೆ. 2018ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ, ಆ ತಂಡದ ಐವರು ಹೇಳಿದ ಸಂಗತಿಗಳನ್ನು ಪ್ರಕಟಿಸಿತು. 2013ರಲ್ಲಿ ಕ್ಯಾಲೆಂಡರ್ ಚಿತ್ರಗಳಿಗಾಗಿ ಕೋಸ್ಟರಿಕಾಕ್ಕೆ ಒಯ್ದಾಗ ಅವರ ಪಾಸ್‌ಪೋರ್ಟುಗಳನ್ನು ಇಸಿದುಕೊಂಡರಂತೆ. ಕೆಲವರು ಅರೆಬೆತ್ತಲೆಯಾಗಿ ಚಿತ್ರ ತೆಗೆಸಿಕೊಳ್ಳುತ್ತಿದ್ದಾಗ ತಂಡದ ಪ್ರಾಯೋಜಕ ಗಂಡಸರಿಗೆ ನೋಡಲು ಅವಕಾಶವಿತ್ತಂತೆ. ತಂಡದ ಆಡಳಿತ ಈ ಚಿತ್ರಣವನ್ನು ಒಪ್ಪಲಿಲ್ಲ. ಮಾತನಾಡಿದ ಐವರೂ ಹೆಸರು ಹೇಳಲಿಲ್ಲ, ಏಕೆಂದರೆ ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿದ್ದರು. ಕ್ಯಾಮೆರಾದ ಮುಂದೆ ಸರಾಗವಾಗಿ ಮಾತನಾಡುವ ತರಬೇತಿ ಒಂದು ಕೈಯಲ್ಲಿ, ಬಾಯಿ ಬಿಡಬಾರದೆಂಬ ಕಾಗದ ಇನ್ನೊಂದು ಕೈಯಲ್ಲಿ! ಮೊದಲನೆಯದನ್ನು ಮಾತ್ರ ನೋಡಿ 'ವ್ಯಕ್ತಿತ್ವ ವಿಕಸನ' ಎಂದು ನಾವು ಹೊಗಳುತ್ತೇವೆ.

ಆಟಗಾರರ ಮಾತೇ ಬೇರೆ. 2019ರ ಜನವರಿಯಲ್ಲಿ ಹಾರ್ದಿಕ್ ಪಾಂಡ್ಯ ಹಾಗೂ ನಮ್ಮ ಕೆ.ಎಲ್. ರಾಹುಲ್ ಭಾಗವಹಿಸಿದ ದೂರದರ್ಶನ ಸಂದರ್ಶನದಲ್ಲಿ ಸ್ತ್ರೀಯರನ್ನು ಕುರಿತ ಹಗುರ ಮಾತುಗಳು ಬಂದವು. ಇಬ್ಬರನ್ನೂ ಆಸ್ಟ್ರೇಲಿಯದಿಂದ ವಾಪಸು ಕರೆಸಿದರು. ಎರಡು ವಾರಗಳೊಳಗೆ ಅಮಾನತು ತೆರವಾಯಿತು, ಆಮೇಲೆ ತಲಾ 20 ಲಕ್ಷ ರೂಪಾಯಿ ದಂಡವಾಯಿತು, ಇಬ್ಬರೂ ಮರಳಿ ಆಡಿದರು. ಅವರಿಗೆ ತಿದ್ದಿಕೊಳ್ಳುವ ಅವಕಾಶ ಸಿಕ್ಕಿದ್ದು ಸರಿಯೇ. ಆದರೆ ತಾನು ಕಂಡದ್ದನ್ನು ಬರೆದ ಆ ದಕ್ಷಿಣ ಆಫ್ರಿಕದ ಹುಡುಗಿಗೆ ಸಿಕ್ಕಿದ್ದು ವಿಮಾನದ ಟಿಕೆಟು.

ಭದ್ರಾವತಿಯವರು ಇಂಥ ಮಾತು ಬಂದಾಗ ಜಿ.ಆರ್. ವಿಶ್ವನಾಥರನ್ನು ನೆನೆಯುತ್ತಾರೆ. ನಮ್ಮ ಆ ಮನೆಯ ಯಜಮಾನರೂ ನೆನೆದರು. 1949ರಲ್ಲಿ ಈ ಊರಿನಲ್ಲೇ ಹುಟ್ಟಿದ ವಿಶ್ವನಾಥ್, 1980ರ ಫೆಬ್ರವರಿಯಲ್ಲಿ ಮುಂಬೈಯ ಸುವರ್ಣ ಮಹೋತ್ಸವ ಟೆಸ್ಟಿನಲ್ಲಿ ಭಾರತದ ನಾಯಕರು. ಅಂಪೈರ್ ಔಟೆಂದು ಕೈ ಎತ್ತಿದ್ದ ಇಂಗ್ಲೆಂಡಿನ ಬಾಬ್ ಟೇಲರ್ ಅವರನ್ನು ಇವರೇ ಮರಳಿ ಕರೆಸಿದರು. ಟೇಲರ್ ಮತ್ತು ಇಯಾನ್ ಬಾಥಮ್ 171 ಓಟ ಕೂಡಿಸಿದರು, ಭಾರತ ಸೋತಿತು. ತನ್ನ ತಂಡಕ್ಕೆ ನಷ್ಟವಾದರೂ ಕಂಡದ್ದನ್ನು ಕಂಡಂತೆ ಹೇಳಿದ ಆ ಮಾತಿಗೆ ಯಾವ ತರಬೇತುದಾರನೂ ಅನುಮತಿ ಕೊಡುತ್ತಿರಲಿಲ್ಲ. ಇದೇ ವಿಶ್ವನಾಥರ ಪತ್ನಿಯ ಅಣ್ಣ ಸುನಿಲ್ ಗಾವಸ್ಕರ್. 2025ರ ಮೇ ತಿಂಗಳಲ್ಲಿ ನಿಂತಿದ್ದ ಐಪಿಎಲ್ ಮತ್ತೆ ಆರಂಭವಾಗುವಾಗ, ಪ್ರಾಣ ಕಳೆದುಕೊಂಡವರ ಕುಟುಂಬಗಳ ಗೌರವಾರ್ಥ ಅಬ್ಬರದ ಸಂಗೀತವೂ ಕುಣಿಯುವ ಹುಡುಗಿಯರೂ ಬೇಡವೆಂದು ಅವರು ಕೋರಿದರು. ಕೋರಿಕೆಯ ಹಿಂದಿನ ಭಾವ ಉದಾತ್ತವಾದದ್ದೇ. ಆದರೂ ನನಗೆ ಅನ್ನಿಸಿತು: ಕುಣಿತ ಬೇಕು ಎಂದವರೂ ಬೇಡ ಎಂದವರೂ ಟಿವಿಯಲ್ಲಿ ಚರ್ಚಿಸಿದರು, ಕುಣಿಯುವವರಲ್ಲಿ ಒಬ್ಬರನ್ನಾದರೂ ಪಕ್ಕದ ಕುರ್ಚಿಯಲ್ಲಿ ಕೂರಿಸಿದ್ದನ್ನು ನಾನು ಕಾಣಲಿಲ್ಲ.

ನಮ್ಮ ಮಲೆನಾಡಿಗೆ ಇದು ವಿಚಿತ್ರವಾಗಿ ತೋರಬೇಕು. ಯಕ್ಷಗಾನದಲ್ಲಿ ಗೆಜ್ಜೆ ಕಟ್ಟಿ ಕುಣಿದವನೇ ಮಾತನ್ನೂ ಆಡುತ್ತಾನೆ. ಭಾಗವತರ ಪದ ಮುಗಿದೊಡನೆ ಅರ್ಥ ಹೇಳುವುದು ವೇಷಧಾರಿಯ ಹಕ್ಕು. ಆ ಮಾತನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಎದುರು ವೇಷ ಕೇಳಿದ ಪ್ರಶ್ನೆಗೆ ಆ ಗಳಿಗೆಯಲ್ಲೇ ಉತ್ತರ ಹುಟ್ಟಬೇಕು. ಆಟ ನೋಡುತ್ತ ಬೆಳೆದ ನಮಗೆ, ಕುಣಿಯುವ ದೇಹ ಬೇರೆ, ಆಡುವ ನಾಲಗೆ ಬೇರೆ ಎಂಬ ಕಲ್ಪನೆಯೇ ಇರಲಿಲ್ಲ.

ಸಾಕ್ಷ್ಯಚಿತ್ರದ ಮಾತಿಗೆ ಮರಳೋಣ. ನನಗೆ ಅದರ ಮೊದಲ ಭಾಗಕ್ಕಿಂತ ಎರಡನೆಯದು ಹೆಚ್ಚು ಹಿಡಿಸಿತು. ಡಲ್ಲಾಸ್ ತಂಡದ ಮಾಜಿ ಚಿಯರ್‌ಲೀಡರ್ ಒಬ್ಬರು 2018ರಲ್ಲಿ ಹೂಡಿದ ದಾವೆಯಲ್ಲಿ, ಗೊಂಬೆವೇಷ ತೊಟ್ಟು ಮೈದಾನದಲ್ಲಿ ಓಡಾಡುವ ವ್ಯಕ್ತಿಗೆ ವರ್ಷಕ್ಕೆ ಸುಮಾರು 65,000 ಡಾಲರ್ ಸಿಗುವಾಗ ತಮಗೆ ಗಂಟೆಗೆ 8 ಡಾಲರ್ ಎಂದು ಹೇಳಿಕೊಂಡಿದ್ದರು. ಆ ಪ್ರಕರಣ ರಾಜಿಯಲ್ಲಿ ಮುಗಿಯಿತು. ಸರಣಿಯ ಮೊದಲ ಭಾಗದಲ್ಲಿ ಸಂಬಳದ ಮಾತು ಬಂದಾಗ ನಗುವಿನ ಹಿಂದೆ ಮುಜುಗರ ಕಾಣುತ್ತದೆ. ಪ್ರೀತಿ, ಸೋದರಿತನ, ಕನಸು ಎಂಬ ಸೇತುವೆಗಳು ಒಂದರ ಹಿಂದೊಂದು ಬರುತ್ತವೆ. ಎರಡನೆಯ ಭಾಗದಲ್ಲಿ ಅದೇ ಹುಡುಗಿಯರು ಕೋಣೆಯಲ್ಲಿ ಕುಳಿತು ಒಪ್ಪಂದಕ್ಕೆ ಸಹಿ ಹಾಕಬೇಕೋ ಬೇಡವೋ ಎಂದು ತಡವರಿಸುತ್ತ, ಕೆಲವೊಮ್ಮೆ ಅಳುತ್ತ ಮಾತನಾಡುತ್ತಾರೆ. ಆ ಮಾತುಗಳಲ್ಲಿ ವ್ಯಾಕರಣ ತಪ್ಪಿದೆ, ವಾಕ್ಯ ಅರ್ಧಕ್ಕೆ ನಿಂತಿದೆ. ಯಾವ ತರಬೇತುದಾರನ ಬಳಿಯೂ ಅವಕ್ಕೆ ಅಂಕ ಬರುವುದಿಲ್ಲ. ಕೊನೆಗೆ 2025ರಲ್ಲಿ ಅವರ ಸಂಭಾವನೆ 400 ಪ್ರತಿಶತ ಏರಿತೆಂದು ಆ ಭಾಗವೇ ತಿಳಿಸುತ್ತದೆ. ನಿರ್ದೇಶಕರು ಈ ಭಾಗಕ್ಕೆ ಇನ್ನಷ್ಟು ಸಮಯ ಕೊಡಬಹುದಿತ್ತು. ಆಯ್ಕೆಯ ಕಣ್ಣೀರಿಗೆ ಅವರು ಕೊಟ್ಟ ನಿಮಿಷಗಳು ಲೆಕ್ಕವಿಲ್ಲದಷ್ಟು; ಕೂಲಿಯ ಚೌಕಾಸಿಗೆ ಕೊಟ್ಟದ್ದು ಕಡಿಮೆ. ಚಿತ್ರವೂ ಒಂದು ಸರಕೇ ತಾನೇ?

ನಮ್ಮ ಹುಡುಗಿಯ ಸುದ್ದಿ ಹೇಳಿ ಮುಗಿಸುತ್ತೇನೆ. ಕೆಲವು ವಾರಗಳ ಹಿಂದೆ ಆಕೆಗೆ ದೊಡ್ಡ ಕಾರ್ಯಕ್ರಮವೊಂದರ ಕರೆ ಬಂತು. ಆಯ್ಕೆಗೆ ಮುಂಚೆ ಅರ್ಧ ದಿನದ ತರಬೇತಿ. ಮೈಕು ಹಿಡಿದು ಬಂದವರಿಗೆ ಪ್ರಾಯೋಜಕರ ಹೆಸರನ್ನು ಎರಡು ಸಲ ಹೇಗೆ ಸೇರಿಸಿ ಹೇಳಬೇಕೆಂದು ಕಲಿಸಿದರಂತೆ. ಚೆನ್ನಾಗಿ ಕಲಿತಿದ್ದಾಳೆ, ನಮಗೂ ಮಾಡಿ ತೋರಿಸಿದಳು; ಅವಳ ತಾಯಿ ನಕ್ಕು ನಕ್ಕು ಸುಸ್ತಾದರು. ಆಮೇಲೆ ಚೀಲದಿಂದ ಕರಾರುಪತ್ರ ತೆಗೆದು ಮೇಜಿನ ಮೇಲಿಟ್ಟಳು. ನಾವು ಮೂವರೂ ಕನ್ನಡಕ ಏರಿಸಿ ಸಾಲು ಸಾಲಾಗಿ ಓದಿದೆವು. ಕಾರ್ಯಕ್ರಮ ರಾತ್ರಿ ಹನ್ನೊಂದಕ್ಕೆ ಮುಗಿದ ಮೇಲೆ ಊರಿಗೆ ಮರಳುವ ಖರ್ಚು ಯಾರದೆಂದು ಅದರಲ್ಲಿ ಎಲ್ಲೂ ಇರಲಿಲ್ಲ. ಮರುದಿನ ಆಕೆಯೇ ಹೋಗಿ ಕೇಳಿದಳಂತೆ. ಎದುರಿದ್ದವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಸಾಲನ್ನು ಪೆನ್ನಿನಲ್ಲಿ ಬರೆದು, ಪಕ್ಕದಲ್ಲಿ ಸಹಿ ಹಾಕಿ ಕೊಟ್ಟರಂತೆ.