ಕಾರ್ಕಳದಿಂದ ಮುಂಬಯಿಗೆ: ಅನಂತ ಪೈ ಅವರ ಮಕ್ಕಳ ಕಥೆಗಳಲ್ಲಿ ಬೆರೆತ ಪರಂಪರೆಗಳು

ಮುಂಬಯಿಯ ಕನ್ನಡ ಸಾಹಿತ್ಯವನ್ನು ಕುರಿತ ಚರ್ಚೆಗಳಲ್ಲಿ ಯಶವಂತ ಚಿತ್ತಾಲ, ವ್ಯಾಸರಾಯ ಬಲ್ಲಾಳರ ಹೆಸರುಗಳು ಸಹಜವಾಗಿಯೇ ಮುಂಚೂಣಿಗೆ ಬರುತ್ತವೆ. ಅದೇ ಕರಾವಳಿಯಿಂದ ಅದೇ ನಗರಕ್ಕೆ ಹೋದ ಅನಂತ ಪೈ (1929–2011) ಅವರ ಹೆಸರು ಅಲ್ಲಿ ಕೇಳಿಬರುವುದು ವಿರಳ. ಅವರು ಇಂಗ್ಲಿಷಿನಲ್ಲಿ ಬರೆದರು, ಚಿತ್ರಕಥೆಗಳನ್ನು ಬರೆದರು, ಮಕ್ಕಳಿಗಾಗಿ ಬರೆದರು ಎಂಬ ಮೂರು ಕಾರಣಗಳು ಸೇರಿ ಅವರನ್ನು ನಮ್ಮ ಸಾಹಿತ್ಯ ಚರಿತ್ರೆಯಿಂದ ಹೊರಗಿರಿಸಿವೆ. ಈ ಕಾರಣಗಳು ಎಷ್ಟರಮಟ್ಟಿಗೆ ನಿಲ್ಲುತ್ತವೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಚಿತ್ತಾಲರು ಹುಟ್ಟಿದ್ದು 1928ರಲ್ಲಿ, ಪೈ ಅವರು 1929ರಲ್ಲಿ. ಇಬ್ಬರೂ ಮುಂಬಯಿಯಲ್ಲಿ ರಾಸಾಯನಿಕ ತಂತ್ರಜ್ಞಾನವನ್ನು ಓದಿದವರು. ಒಬ್ಬರು ನಗರದ ಅನುಭವವನ್ನು ಕನ್ನಡಕ್ಕೆ ತಂದರು. ಇನ್ನೊಬ್ಬರು ಊರಿನಿಂದ ತಂದುದನ್ನು ನಗರದ ಮಕ್ಕಳ ಇಂಗ್ಲಿಷಿಗೆ ಕೊಟ್ಟರು. ಹಾಗೆ ತಂದುದು ಏನು ಎಂಬುದನ್ನು ತಿಳಿಯಲು ಕಾರ್ಕಳವನ್ನು ನೋಡಬೇಕು. 1432ರ ಗೊಮ್ಮಟ, 1586ರ ಚತುರ್ಮುಖ ಬಸದಿ, ಕೊಂಕಣಿಗರ ವೆಂಕಟರಮಣ ದೇವಾಲಯ, ಸಮೀಪದ ಅತ್ತೂರಿನ ಇಗರ್ಜಿ, ಸುತ್ತಲ ತುಳುವರ ಭೂತಾರಾಧನೆ, ಇವೆಲ್ಲವೂ ಇರುವ ಊರದು. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಎಂಬುದು ಅಲ್ಲಿನ ಸಾರಸ್ವತ ಮಕ್ಕಳ ಸಾಮಾನ್ಯ ಸ್ಥಿತಿ. ಎಳವೆಯಲ್ಲೇ ತಂದೆತಾಯಿಗಳನ್ನು ಕಳೆದುಕೊಂಡ ಪೈ ಅವರು 12ನೆಯ ವಯಸ್ಸಿನಲ್ಲಿ ಮುಂಬಯಿ ಸೇರಿದಾಗ ಈ ಭಾಷೆಗಳ ಜೊತೆಗೆ ಮರಾಠಿ, ಹಿಂದಿ, ಇಂಗ್ಲಿಷುಗಳೂ ಕೂಡಿಕೊಂಡವು.

‘ಅಮರ ಚಿತ್ರಕಥೆ’ಯ ಆರಂಭವನ್ನು 1967ಕ್ಕೆ ಗುರುತಿಸುವುದು ವಾಡಿಕೆ. ದೂರದರ್ಶನದ ರಸಪ್ರಶ್ನೆಯೊಂದರಲ್ಲಿ ಗ್ರೀಕ್ ಪುರಾಣವನ್ನು ಬಲ್ಲ ದೆಹಲಿಯ ವಿದ್ಯಾರ್ಥಿಗಳಿಗೆ ರಾಮನ ತಾಯಿಯ ಹೆಸರು ತಿಳಿಯದಿದ್ದುದೇ ಪ್ರೇರಣೆಯೆಂದು ಪೈ ಅವರು ಹೇಳುತ್ತಿದ್ದರು. ಆದರೆ ಅದಕ್ಕೂ ಮುನ್ನ, 1965ರಲ್ಲಿ, ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಬೆಂಗಳೂರು ಶಾಖೆಯ ಜಿ. ಕೆ. ಅನಂತರಾಮ್ ಅವರ ಆಸಕ್ತಿಯಿಂದ ಇದೇ ಹೆಸರಿನಲ್ಲಿ ಕನ್ನಡ ಪುಸ್ತಿಕೆಗಳು ಹೊರಬಂದಿದ್ದವು. ಮೊದಲ ಹತ್ತು ಪುಸ್ತಿಕೆಗಳು ‘ಸಿಂಡ್ರೆಲ್ಲಾ’ದಂತಹ ಪಾಶ್ಚಾತ್ಯ ಕಥೆಗಳ ಕನ್ನಡ ರೂಪಗಳು. ಪೈ ಅವರ ‘ಕೃಷ್ಣ’ದ ಕ್ರಮಸಂಖ್ಯೆ 11 ಆಗಿರುವುದು ಈ ಕಾರಣದಿಂದಲೇ. ಪಶ್ಚಿಮದ ಕಥೆ ಕನ್ನಡದಲ್ಲಿ, ಭಾರತದ ಕಥೆ ಇಂಗ್ಲಿಷಿನಲ್ಲಿ ಎಂಬ ಈ ವಿಪರ್ಯಾಸ ನಮ್ಮ ಮಕ್ಕಳ ಸಾಹಿತ್ಯದ ಸ್ವರೂಪವನ್ನೇ ಸೂಚಿಸುತ್ತದೆ. ಬ್ರೌನಿಂಗನ ಕವಿತೆಯಿಂದ ಕುವೆಂಪು ಅವರ ‘ಕಿಂದರಿಜೋಗಿ’ ಹುಟ್ಟಿದಂದಿನಿಂದಲೂ ಕನ್ನಡದ ಮಗು ಬೆರಕೆಯ ಕಥೆಗಳನ್ನೇ ಕೇಳಿಕೊಂಡು ಬೆಳೆದಿದೆ. ಕೊಂಕಣಿ ಮನೆಮಾತಿನ ಪಂಜೆ ಮಂಗೇಶರಾಯರು (1874–1937) ಕನ್ನಡದ ಮಕ್ಕಳ ಸಾಹಿತ್ಯಕ್ಕೆ ಅಡಿಗಲ್ಲು ಹಾಕಿದುದೂ ಇದೇ ಪರಂಪರೆಯ ಭಾಗ. ಪಂಜೆಯವರನ್ನು ನಮ್ಮವರೆನ್ನುವ ನಾವು ಪೈ ಅವರ ವಿಷಯದಲ್ಲಿ ಮೌನ ತಾಳುವುದಕ್ಕೆ ಬರವಣಿಗೆಯ ಭಾಷೆಯೊಂದೇ ಆಧಾರ.

ಹೀಗೆಂದಮಾತ್ರಕ್ಕೆ ಪೈ ಅವರ ಬರವಣಿಗೆಯನ್ನು ವಿಮರ್ಶೆಯಿಲ್ಲದೆ ಒಪ್ಪಬೇಕೆಂದಿಲ್ಲ. ನಂದಿನಿ ಚಂದ್ರ (2008) ಹಾಗೂ ಕಾರ್ಲೈನ್ ಮೆಕ್‌ಲೇನ್ (2009) ಅವರ ಅಧ್ಯಯನಗಳು ಈ ಮಾಲೆ ರಾಷ್ಟ್ರ, ಧರ್ಮ, ಜಾತಿಗಳ ಕಲ್ಪನೆಯನ್ನು ರೂಪಿಸಿದ ಬಗೆಯನ್ನು ಚರ್ಚಿಸಿವೆ. ಹಳಗನ್ನಡ, ನಡುಗನ್ನಡಗಳ ಕಾವ್ಯವನ್ನು ಓದುವವರಿಗೆ ಬೇರೊಂದು ಪ್ರಶ್ನೆ ಎದುರಾಗುತ್ತದೆ. ಮಾಲೆಯಲ್ಲಿ ‘ಬಾಹುಬಲಿ’ ಎಂಬ ಸಂಚಿಕೆಯೂ ಇದೆ. ಪಂಪನ ‘ಆದಿಪುರಾಣ’ದಲ್ಲಿ (941) ಬಾಹುಬಲಿ ಅಣ್ಣನನ್ನು ಗೆದ್ದು, ಗೆದ್ದ ರಾಜ್ಯವನ್ನೇ ಬಿಟ್ಟು ನಡೆಯುತ್ತಾನೆ. 16ನೆಯ ಶತಮಾನದಲ್ಲಿ ಕಾರ್ಕಳದ ಸೀಮೆಯವನೇ ಆದ ರತ್ನಾಕರವರ್ಣಿ ‘ಭರತೇಶ ವೈಭವ’ದಲ್ಲಿ ಭರತನನ್ನೇ ಕೇಂದ್ರಕ್ಕೆ ತಂದು ಆ ಸನ್ನಿವೇಶವನ್ನು ಬೇರೆ ರೀತಿಯಲ್ಲಿ ಕಟ್ಟುತ್ತಾನೆ. ಗೊಮ್ಮಟ ನಿಂತ ನೆಲದಲ್ಲೇ ಅಣ್ಣನ ಪಕ್ಷದ ಕಾವ್ಯ ಹುಟ್ಟಿತು. ಅದನ್ನು ಜನ ಸಾಂಗತ್ಯದಲ್ಲಿ ಹಾಡಿದರು. ಪೈ ಅವರು ಬಂದ ಊರಿನ ನಿಜವಾದ ಬಹುತ್ವ ಇರುವುದು ಇಂತಹ ಕಡೆ.

32 ಪುಟಗಳ ಚಿತ್ರಕಥೆ ಯಾವುದಾದರೂ ಒಂದು ಪಾಠವನ್ನು ಆರಿಸಿಕೊಳ್ಳಲೇಬೇಕು. ಪಂಪನೂ ರತ್ನಾಕರನೂ ಆರಿಸಿಕೊಂಡವರೇ ಅಲ್ಲವೇ ಎಂದು ಆಕ್ಷೇಪಿಸಬಹುದು. ವ್ಯತ್ಯಾಸವಿರುವುದು ಓದುಗನಲ್ಲಿ. ರತ್ನಾಕರನ ಕೇಳುಗನಿಗೆ ಇನ್ನೊಂದು ಕಥೆ ಗೊತ್ತಿತ್ತು. ಕವಿ ಎಲ್ಲಿ ತಿರುವು ಕೊಟ್ಟನೆಂಬುದನ್ನು ಆತ ಬಲ್ಲ. ಅಜ್ಜಿಯಿಲ್ಲದ ಮನೆಯಲ್ಲಿ, ಮಾಟುಂಗಾದಲ್ಲೋ ಬೊರಿವಲಿಯಲ್ಲೋ ಬೆಳೆಯುವ ಮಗುವಿಗೆ ಕೈಯಲ್ಲಿರುವ ಸಂಚಿಕೆಯೇ ಮೊದಲ ಕಥೆ, ಅದೇ ಕೊನೆಯ ಕಥೆ. ರಾಮಾಯಣದ ಅನೇಕ ಕಥನಗಳನ್ನು ಕುರಿತು ಎ. ಕೆ. ರಾಮಾನುಜನ್ ಬರೆದ ಪ್ರಬಂಧವನ್ನು ಬಲ್ಲವರಿಗೆ ಈ ನಷ್ಟದ ಪ್ರಮಾಣ ಅರ್ಥವಾದೀತು. ಕಥೆ ಎಲ್ಲರಿಗೂ ತಲುಪಿತು. ಅದಕ್ಕೆ ಬೇರೆ ರೂಪಗಳಿವೆಯೆಂಬ ಅರಿವು ತಲುಪಲಿಲ್ಲ.

ಪೈ ಅವರೇ 1980ರಲ್ಲಿ ಆರಂಭಿಸಿದ ‘ಟಿಂಕಲ್’ ಪತ್ರಿಕೆ ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿತೆಂಬುದು ನನ್ನ ಅಭಿಪ್ರಾಯ. ಓದುಗರು ತಮ್ಮ ಕಡೆಯ ಜನಪದ ಕಥೆಗಳನ್ನು ಕಳಿಸಲು ಅಲ್ಲಿ ಅವಕಾಶವಿತ್ತು. 1983ರಲ್ಲಿ ಕಾಣಿಸಿಕೊಂಡ ಸುಪ್ಪಾಂಡಿ ತಮಿಳುನಾಡಿನಿಂದ ಓದುಗರೊಬ್ಬರು ಕಳಿಸಿದ ಕಥೆಗಳಿಂದ ಹುಟ್ಟಿದವನು. ಅವನಿಗೆ ರೂಪ ಕೊಟ್ಟವರು ರಾಮ್ ವಾಯಿರ್ಕರ್. ಹೇಳಿದ್ದನ್ನು ಹೇಳಿದಂತೆಯೇ ಮಾಡಿ ಕೆಡಿಸುವ ಆಳು ನಮ್ಮ ಹಳ್ಳಿಯ ಕಥೆಗಳಿಗೂ ಹೊಸಬನಲ್ಲ. ಇಲ್ಲಿ ಬೆರಕೆ ಸಂಪಾದಕನ ಆಯ್ಕೆಯಿಂದ ಇಳಿದು ಬಂದುದಲ್ಲ. ಊರೂರಿನ ಮಕ್ಕಳಿಂದ ಅಂಚೆಯ ಮೂಲಕ ಬಂದದ್ದು. ‘ಅಮರ ಚಿತ್ರಕಥೆ’ಯ ಸಂಪಾದಕನಿಗಿಂತ ‘ಟಿಂಕಲ್’ನ ಈ ‘ಅಂಕಲ್ ಪೈ’ ಕಾರ್ಕಳಕ್ಕೆ ಹೆಚ್ಚು ಹತ್ತಿರದವರು.

ಹೊರನಾಡಿನ ಸಂಶೋಧಕರು ಕೈಗೊಳ್ಳಬಹುದಾದ ಎರಡು ಕೆಲಸಗಳನ್ನು ಸೂಚಿಸಿ ಈ ಲೇಖನವನ್ನು ಮುಗಿಸಬಹುದು. ಮೊದಲನೆಯದು, 1965ರ ಕನ್ನಡ ಸಂಚಿಕೆಗಳನ್ನೂ ಮಾಲೆಯ ನಂತರದ ಕನ್ನಡ ಅನುವಾದಗಳನ್ನೂ ಕಲೆಹಾಕಿ, ಅವುಗಳ ಭಾಷೆಯನ್ನು ಇಂಗ್ಲಿಷ್ ಪಾಠದೊಡನೆ ಹೋಲಿಸುವುದು. ಎರಡನೆಯದು, ಕನ್ನಡ ಆಕರಗಳಿರುವ ಕಥೆಗಳಲ್ಲಿ ಯಾವ ಪಾಠವನ್ನು ಆರಿಸಲಾಗಿದೆ, ಯಾವುದನ್ನು ಬಿಡಲಾಗಿದೆ ಎಂಬುದನ್ನು ಸಂಚಿಕೆವಾರು ಗುರುತಿಸುವುದು. ಅಗ್ಗದ ಕಾಗದದ ಈ ಪುಸ್ತಿಕೆಗಳು ಓಲೆಗರಿಯಷ್ಟು ಕಾಲ ಬಾಳುವಂಥವಲ್ಲವಾದ್ದರಿಂದ ಇದು ತಡಮಾಡದೆ ಆಗಬೇಕಾದ ಕೆಲಸ.